ಬೆಲುಂ ಗುಹೆಯ ಕತ್ತಲೆ

ಯಾತ್ರೆಗೆ ಹೊರಟವರನ್ನು ಕಂಡರೆ ನೆರೆಹೊರೆಯವರು ಗಂಗೋದಕವನ್ನೋ ಪ್ರಸಾದವನ್ನೋ ತನ್ನಿರೆಂದು ಹೇಳುವುದು ನಮ್ಮಲ್ಲಿ ವಾಡಿಕೆ. ಕತ್ತಲೆಯನ್ನು ತಂದುಕೊಡಿರೆಂದು ಕೇಳಿದವರನ್ನು ನನ್ನ ಅರುವತ್ತು ವರುಷಗಳ ಆಯುಷ್ಯದಲ್ಲಿ ನಾನು ಒಬ್ಬರನ್ನು ಮಾತ್ರ ಕಂಡಿರುವೆನು. ಆಕೆ ನನ್ನ ಧರ್ಮಪತ್ನಿ.

ಇದರ ಪೂರ್ವಕಥೆಯನ್ನು ಮೊದಲು ಹೇಳಿಬಿಡುವೆನು. ಆಕೆಯ ತವರೂರು ತಾಡಿಪತ್ರಿ. ಬಳ್ಳಾರಿಯಲ್ಲಿ ನೆಲೆಸಿರುವ ನಮಗೆ ಗುಂತಕಲ್ಲು, ಗುತ್ತಿಗಳನ್ನು ಹಾದುಹೋದರೆ ಅದು ಬಹು ದೂರದ ಊರಲ್ಲ. ಪೆನ್ನೆಯ ದಡದ ಬುಗ್ಗ ರಾಮಲಿಂಗೇಶ್ವರನ ಗುಡಿಯನ್ನೂ ಊರೊಳಗಿನ ಚಿಂತಲ ವೆಂಕಟರಮಣಸ್ವಾಮಿಯ ಗುಡಿಯನ್ನೂ ನೋಡಿದವರಿಗೆ ವಿಜಯನಗರದ ಕಾಲದ ಶಿಲ್ಪಿಗಳ ಕೈಚಳಕವನ್ನು ಕುರಿತು ನಾನು ಹೇಳಬೇಕಾದುದಿಲ್ಲ. ನನ್ನ ವಿಷಯ ಬೇರೆ. ತಾಡಿಪತ್ರಿಯಿಂದ ಸುಮಾರು ೩೦ ಕಿಲೋಮೀಟರುಗಳಾಚೆ, ಕೊಲಿಮಿಗುಂಡ್ಲದ ಬಳಿಯಲ್ಲಿ, ಬೆಲುಂ ಎಂಬ ಹಳ್ಳಿಯುಂಟು. ೨೦೨೨ರವರೆಗೆ ಇದು ಕರ್ನೂಲು ಜಿಲ್ಲೆಗೆ ಸೇರಿದ್ದಿತು; ಈಗ ನಂದ್ಯಾಲ ಜಿಲ್ಲೆಗೆ ಸೇರಿದೆ. 'ಬಿಲ' ಎಂಬ ಸಂಸ್ಕೃತ ಶಬ್ದವೇ ಜನರ ನಾಲಗೆಯಲ್ಲಿ ತಿರುಗಿ ಬೆಲುಂ ಆಯಿತೆಂದು ಹೇಳುವರು. ಊರಿನ ಹೊರಗೆ ಬೆಟ್ಟವಿಲ್ಲ, ಗುಡ್ಡವಿಲ್ಲ, ಹಾಸಿದಂತಿರುವ ಬಯಲು. ಆ ಬಯಲಿನ ನಡುವೆ, ಕಟ್ಟೆಯಿಲ್ಲದ ಬಾವಿಗಳಂತೆ, ಮೂರು ಹಳ್ಳಗಳು ಬಾಯ್ದೆರೆದುಕೊಂಡಿವೆ. ಅವೇ ಗುಹೆಯ ಬಾಗಿಲುಗಳು.

ನನ್ನ ಹೆಂಡತಿಯು ಎಂಟು ವರುಷದ ಹುಡುಗಿಯಾಗಿದ್ದಾಗ, ಎಂದರೆ ೧೯೭೬ರ ಸುಮಾರಿಗೆ, ಆಕೆಯ ತಾತನವರು ಬಂಧುಗಳ ಮನೆಯ ಮದುವೆಗೆಂದು ಗಾಡಿ ಕಟ್ಟಿಸಿಕೊಂಡು ಆ ಕಡೆಗೆ ಹೋದವರು ದಾರಿಯಲ್ಲಿ ಗಾಡಿಯನ್ನು ನಿಲ್ಲಿಸಿ ಮೊಮ್ಮಗಳಿಗೆ ಬಿಲವನ್ನು ತೋರಿಸಿದರಂತೆ. ಆಗ ಅಲ್ಲಿ ದೀಪವಿರಲಿಲ್ಲ, ಮೆಟ್ಟಿಲಿರಲಿಲ್ಲ. ಮಗುವಿನ ಮಣಿಕಟ್ಟನ್ನು ಭದ್ರವಾಗಿ ಹಿಡಿದುಕೊಂಡು, ಅಂಚಿನಿಂದ ಎರಡು ಮಾರು ಹಿಂದೆಯೇ ನಿಲ್ಲಿಸಿ, "ಅದಕ್ಕೆ ತಳವಿಲ್ಲ, ತಾಯಿ" ಎಂದರಂತೆ. ಆಕೆ ಬಗ್ಗಿ ನೋಡಿದಳು. ಒಂದು ಗಳಿಗೆ ಮಾತ್ರ. ಆಮೇಲೆ ತಾತನವರು ಕೈಹಿಡಿದು ಎಳೆದುಕೊಂಡರು. ಆ ಒಂದು ಗಳಿಗೆಯ ಕತ್ತಲೆ ಆಕೆಯ ನೆನಪಿನಲ್ಲಿ ಸುಮಾರು ಐವತ್ತು ವರುಷ ಉಳಿದಿರುವುದು ನನಗೂ ಸೋಜಿಗವೇ. ಬಾಣಂತಿತನದ ಜ್ವರದಲ್ಲಿ ಒಂದು ಸಲ ಆಕೆ ಕನವರಿಸಿದುದು ಈ ಬಿಲವನ್ನು ಕುರಿತೇ.

ಕೆಲವು ವರುಷಗಳ ಕೆಳಗೆ ಆಕೆಗೆ ಗ್ಲಾಕೋಮ ಎಂಬ ಕಣ್ಣಿನ ರೋಗವಿರುವುದು ತಿಳಿದುಬಂದಿತು. ಹೋದ ದೃಷ್ಟಿ ಮರಳಿ ಬಾರದು. ಇರುವುದನ್ನು ಉಳಿಸಿಕೊಳ್ಳುವುದಕ್ಕೆ ದಿನವೂ ತಪ್ಪದೆ ಔಷಧದ ಹನಿಗಳನ್ನು ಹಾಕಬೇಕು. ಹಗಲಿನಲ್ಲಿ ಆಕೆ ಪತ್ರಿಕೆಯನ್ನು ಓದುವಳು, ಅಕ್ಕಿಯಲ್ಲಿ ಕಲ್ಲನ್ನು ಆರಿಸುವಳು. ಹೊತ್ತು ಮುಳುಗಿ ಬೆಳಕು ಮಂದವಾಯಿತೆಂದರೆ ಹೊಸಲು ಎಲ್ಲಿದೆಯೆಂಬುದು ಆಕೆಗೆ ತೋರದು. ಹೀಗಿರುವಾಗ ಮೆಟ್ಟಿಲುಗಳನ್ನಿಳಿದು ಬಗ್ಗಿ ನಡೆಯಬೇಕಾದ ಗುಹೆಗೆ ಆಕೆಯನ್ನು ಕರೆದೊಯ್ಯುವ ಮಾತೆಲ್ಲಿ? ಭಾವಮೈದುನನ ಮಗಳ ನಾಮಕರಣಕ್ಕೆ ಹೋದಾಗ ಎಲ್ಲರೂ ಬೆಲುಮಿಗೆ ಹೊರಟರು. ಆಕೆ ಮೇಲೆಯೇ ಮರದ ನೆರಳಿನಲ್ಲಿ ಕುಳಿತು ನನಗೆ ಹೇಳಿದಳು: "ನೀವು ಹೋಗಿಬನ್ನಿ. ಫೋಟೋ ತೆಗೆದುಕೊಂಡು ಬನ್ನಿ. ಆದರೆ ಕಲ್ಲಿನ ಫೋಟೋ ಬೇಡ. ಆ ದಿನ ನಾನು ನೋಡಿದೆನಲ್ಲ, ಆ ಕತ್ತಲೆ ಹೇಗಿತ್ತು ಎಂಬುದನ್ನು ತನ್ನಿ. ಇನ್ನೊಂದು ಸಲ ಹಗಲಿನಲ್ಲಿ ನೋಡಿಬಿಡುತ್ತೇನೆ."

ಗುಹೆಯ ಸಂಗತಿಯನ್ನು ಸಂಕ್ಷೇಪವಾಗಿ ಹೇಳಬೇಕು. ೧೮೮೪ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಗಳು ಇದನ್ನು ಉಲ್ಲೇಖಿಸಿದ್ದಾರೆ. ನಮ್ಮ ಬಳ್ಳಾರಿಯ ಪಕ್ಕದ ಸಂಗನಕಲ್ಲಿನ ಗುಡ್ಡಗಳಲ್ಲಿ ಶಿಲಾಯುಗದ ಮನುಷ್ಯರ ನೆಲೆಯನ್ನು ಗುರುತಿಸಿದವರೂ, ಮುಂದೆ ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನದ ಕಾರ್ಯವನ್ನು ನಡೆಸಿದವರೂ ಇವರೇ. ಅನಂತರ ಸುಮಾರು ನೂರು ವರುಷ ಗುಹೆ ತನ್ನ ಪಾಡಿಗೆ ತಾನಿದ್ದಿತು. ೧೯೮೨–೮೩ರಲ್ಲಿ ಹರ್ಬರ್ಟ್ ಡೇನಿಯಲ್ ಗೆಬಾವರ್ ಎಂಬ ಜರ್ಮನಿಯವರ ತಂಡವು ಒಳಹೊಕ್ಕು ಅಳತೆ ಮಾಡಿತು. ಒಟ್ಟು ಉದ್ದ ೩,೨೨೯ ಮೀಟರು. ಬಯಲುಸೀಮೆಯ ಗುಹೆಗಳಲ್ಲಿ ಭಾರತದಲ್ಲಿ ಇದೇ ದೀರ್ಘವಾದುದೆಂದು ಪ್ರಸಿದ್ಧಿ. ಆಂಧ್ರದ ಪ್ರವಾಸೋದ್ಯಮದವರು ೧೯೯೯ರಲ್ಲಿ ಕೆಲಸವನ್ನು ಹಿಡಿದು, ಹೂಳನ್ನು ತೆಗೆಸಿ, ದೀಪಗಳನ್ನೂ ಹೊರಗಿನ ಗಾಳಿಯನ್ನು ಒಳಕ್ಕೆ ಊದುವ ಕೊಳವೆಗಳನ್ನೂ ಏರ್ಪಡಿಸಿ, ೨೦೦೨ರಲ್ಲಿ ಸಾರ್ವಜನಿಕರಿಗೆ ತೆರೆದರು. ಜನರು ತಿರುಗಾಡಬಹುದಾದ ಭಾಗ ಸುಮಾರು ಒಂದೂವರೆ ಕಿಲೋಮೀಟರು.

ಇಷ್ಟು ದೊಡ್ಡ ಪೊಳ್ಳು ನೆಲದೊಳಗೆ ಆದುದು ಹೇಗೆ? ಗೃಹಿಣಿಯರಿಗೆ ಇದನ್ನು ನಾನು ಹೇಳಿಕೊಡಬೇಕಾದುದಿಲ್ಲ. ನಮ್ಮ ಅಡುಗೆಮನೆಗಳಲ್ಲಿ ಡಬ್ಬಿಗಳನ್ನಿಡಲು ಹಾಕಿಸುವ ಕಪ್ಪು ಕಡಪಾ ಕಲ್ಲು ಈ ಸೀಮೆಯ ಸುಣ್ಣಗಲ್ಲಿನ ಜಾತಿಯದೇ. ಅದರ ಮೇಲೆ ನಿಂಬೆಯ ಹೋಳನ್ನು ಒಂದು ರಾತ್ರಿ ಮರೆತು ಬಿಟ್ಟಿರೋ, ಬೆಳಗಾಗುವಾಗ ಹೊಳಪು ಹೋಗಿ ಬಿಳಿಯ ಕಲೆ ಬಿದ್ದಿರುತ್ತದೆ. ಹುಳಿಯು ಸುಣ್ಣಗಲ್ಲನ್ನು ತಿನ್ನುವುದು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಅಂಗಾರಾಮ್ಲವನ್ನು ಹೀರಿಕೊಂಡು ಬಹಳ ತೆಳುವಾದ ಹುಳಿನೀರಾಗಿ ಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತದೆ. ಒಂದು ರಾತ್ರಿಯ ಕೆಲಸವನ್ನು ಅದು ಸಾವಿರಾರು ವರುಷ ಮಾಡಿದರೆ ಬಿರುಕು ಓಣಿಯಾಗುತ್ತದೆ, ಓಣಿ ಹಜಾರವಾಗುತ್ತದೆ. ಬೆಲುಮಿನ ಗೋಡೆಗಳನ್ನು ಮುಟ್ಟದೆ ದೂರದಿಂದಲೇ ನೋಡಿದರೂ ನೀರು ಸವರಿದ ನುಣುಪು ಎದ್ದು ಕಾಣುವುದು.

ಮೊದಲನೆಯ ಸಲ ಒಳಗೆ ಹೋದಾಗ ನನ್ನ ಬಳಿ ಇದ್ದುದು ಮೊಬೈಲು ಫೋನು ಮಾತ್ರ. ಸಿಂಹದ್ವಾರ, ಕೋಟಿಲಿಂಗಗಳು, ಕಲ್ಲನ್ನು ತಟ್ಟಿದರೆ ನಾದ ಹೊರಡುವ ಸಪ್ತಸ್ವರಗಳ ಗುಹೆ ಎಲ್ಲವನ್ನೂ ನೋಡಿ, ಎಲ್ಲ ಕಡೆಯೂ ಕೈಯೆತ್ತಿ ಗುಂಡಿ ಒತ್ತುತ್ತ ಹೋದೆನು. ಸೆಕೆಯೋ ಸೆಕೆ, ಕನ್ನಡಕವು ಮೂಗಿನಿಂದ ಜಾರುತ್ತಿದ್ದಿತು. ಫೋನಿನ ಮಿಂಚುದೀಪವನ್ನು ಹೊತ್ತಿಸಿದರೆ ಎದುರಿನ ಬಂಡೆಯೊಂದು ಸುಣ್ಣ ಬಳಿದಂತೆ ಬೆಳ್ಳಗಾಗಿ, ಹಿಂದಿನ ಹಜಾರವೆಲ್ಲ ಮಸಿಯಾಗಿಬಿಡುತ್ತಿದ್ದಿತು. ಅದನ್ನು ಆರಿಸಿ ರಾತ್ರಿಯ ಕ್ರಮದಲ್ಲಿ ತೆಗೆದರೆ ಗುಹೆಯು ಹಗಲಿನಂತೆ ಬೆಳಗಿ, ಬಣ್ಣದ ವಿದ್ಯುದ್ದೀಪಗಳ ಹಳದಿ, ಕೆಂಪುಗಳು ಇದ್ದುದಕ್ಕಿಂತಲೂ ಹೆಚ್ಚಾಗಿ ತೋರುತ್ತಿದ್ದುವು. ನೋಡುವುದಕ್ಕೆ ಅಂದವಾಗಿಯೇ ಇದ್ದುವೆನ್ನಬೇಕು. ಮೇಲೆ ಬಂದು ಹೆಮ್ಮೆಯಿಂದ ಹೆಂಡತಿಗೆ ತೋರಿಸಿದೆನು.

"ಏನ್ರೀ ಇದು? ಮದುವೆಯ ಛತ್ರದಲ್ಲಿ ಸೀರಿಯಲ್ ಲೈಟು ಹಾಕಿದ ಹಾಗಿದೆ. ಕತ್ತಲೆ ಎಲ್ಲಿ?" ಎಂದಳು.

ನಾನು ನಿರುತ್ತರನಾದೆನು. ಆಕೆ ಬೇಸರವನ್ನು ಹೆಚ್ಚು ತೋರಿಸಿಕೊಳ್ಳಲಿಲ್ಲ. ತಂದಿದ್ದ ಚಕ್ಕುಲಿಯನ್ನು ಮಕ್ಕಳಿಗೆ ಹಂಚತೊಡಗಿದಳು. ಆದರೆ ಹಿಂದಿರುಗುವಾಗ ದಾರಿಯುದ್ದಕ್ಕೂ ನನಗೆ ಸಮಾಧಾನವಿರಲಿಲ್ಲ. ಮೂವತ್ತು ವರುಷ ಸಂಸ್ಕೃತವನ್ನು ಬೋಧಿಸಿದವನಿಗೆ 'ಛಾಯಾಚಿತ್ರ' ಎಂಬ ಮಾತಿನ ಅರ್ಥವನ್ನು ವಿಚಾರಿಸುವ ಅವಕಾಶ ಆವರೆಗೆ ಬಂದಿರಲಿಲ್ಲವೆಂಬುದು ನಾಚಿಕೆಯ ಸಂಗತಿ. ಅಮರಕೋಶವು ಛಾಯಾಶಬ್ದಕ್ಕೆ ನಾಲ್ಕು ಅರ್ಥಗಳನ್ನು ಕೊಡುತ್ತದೆ: ಸೂರ್ಯನ ಪತ್ನಿ, ಕಾಂತಿ, ಪ್ರತಿಬಿಂಬ, ಬಿಸಿಲಿಲ್ಲದಿರುವಿಕೆ. ಕಾಂತಿಯೂ ಛಾಯೆಯೇ, ನೆರಳೂ ಛಾಯೆಯೇ. ನಾನು ಮೊದಲನೆಯದನ್ನು ಮಾತ್ರ ತಂದಿದ್ದೆನು.

ಬಳ್ಳಾರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ಶಬ್ದರೂಪಗಳನ್ನು ಒಪ್ಪಿಸುವುದರಲ್ಲಿ ಅವನು ಎಂದೂ ಉತ್ತೀರ್ಣನಾದವನಲ್ಲ. ಆದರೆ ತನ್ನ ಕಸುಬಿನಲ್ಲಿ ನಿಪುಣ. ಅವನಲ್ಲಿಗೆ ಹೋಗಿ ಸಂಗತಿಯನ್ನು ತಿಳಿಸಿದೆನು. ಅವನು ನನ್ನ ಚಿತ್ರಗಳನ್ನು ನೋಡಿ, ನಗುವನ್ನು ತಡೆದುಕೊಂಡು, "ಗುರುಗಳೇ, ಗುಹೆಯಲ್ಲಿ ಕ್ಯಾಮೆರಾ ಹಿಡಿದುಕೊಳ್ಳುವುದೇ ತಪ್ಪು" ಎಂದನು.

ಅವನು ವಿವರಿಸಿದುದನ್ನು ನನಗೆ ತಿಳಿದಷ್ಟರ ಮಟ್ಟಿಗೆ ಹೇಳುವೆನು. ನಮ್ಮ ಕಣ್ಣು ಬೆಳಕನ್ನು ಕೂಡಿಡಲಾರದು. ಕ್ಷಣ ಕ್ಷಣಕ್ಕೂ ಬಂದುದನ್ನು ನೋಡಿ ಬಿಟ್ಟುಬಿಡುತ್ತದೆ. ಕ್ಯಾಮೆರಾ ಹಾಗಲ್ಲ. ಅದರ ಶಟರು ಎಷ್ಟು ಹೊತ್ತು ತೆರೆದಿರುವುದೋ ಅಷ್ಟು ಹೊತ್ತಿನ ಬೆಳಕನ್ನೂ ಅದು ಒಂದೇ ಚಿತ್ರದಲ್ಲಿ ಸಂಗ್ರಹಿಸುತ್ತದೆ. ಹನಿಗೂಡಿ ಹಳ್ಳ ಎಂದಂತೆ. ಮಂದವಾದ ಬೆಳಕಿನಲ್ಲಿ ಕೈಯಲ್ಲಿ ಹಿಡಿದು ತೆಗೆದರೆ ಎರಡೇ ಗತಿ. ಶಟರು ಹೆಚ್ಚು ಹೊತ್ತು ತೆರೆದಿದ್ದರೆ ಕೈನಡುಕದಿಂದ ಚಿತ್ರ ಕಲಸಿಹೋಗುತ್ತದೆ. ಅದನ್ನು ತಪ್ಪಿಸಲು ಐ.ಎಸ್.ಓ. ಎಂಬ ಸೂಕ್ಷ್ಮತೆಯ ಅಂಕವನ್ನು ಐದು ಸಾವಿರ, ಆರು ಸಾವಿರಕ್ಕೆ ಏರಿಸಿದರೆ ಚಿತ್ರದ ಮೇಲೆಲ್ಲ ರವೆ ಚೆಲ್ಲಿದಂತೆ ಚುಕ್ಕೆಗಳೇಳುತ್ತವೆ. ಆದುದರಿಂದ ಟ್ರೈಪಾಡೆಂಬ ಮುಕ್ಕಾಲಿಯ ಮೇಲೆ ಕ್ಯಾಮೆರಾವನ್ನು ಕೂರಿಸಿ, ಸೂಕ್ಷ್ಮತೆಯನ್ನು ನೂರಕ್ಕೆ ಇಳಿಸಿ, ಶಟರನ್ನು ಇಪ್ಪತ್ತು ಮೂವತ್ತು ಸೆಕೆಂಡು ತೆರೆದಿಡಬೇಕು. ಗುಂಡಿಯನ್ನು ಬೆರಳಿನಿಂದ ಒತ್ತಿದರೂ ಕ್ಯಾಮೆರಾ ಅಲುಗುವುದರಿಂದ ಅದಕ್ಕೆ ಒಂದು ತಂತಿಯ ಕೀಲಿ ಬೇರೆ.

ಮಿಂಚುದೀಪದ ವಿಚಾರವೂ ಆಗ ಸ್ಪಷ್ಟವಾಯಿತು. ದೀಪದಿಂದ ದೂರ ಎರಡರಷ್ಟಾದರೆ ಬೆಳಕು ಅರ್ಧವಾಗುವುದಿಲ್ಲ, ನಾಲ್ಕನೆಯ ಒಂದು ಪಾಲಾಗುತ್ತದೆ. ಮೂರರಷ್ಟಾದರೆ ಒಂಬತ್ತನೆಯ ಒಂದು ಪಾಲು. ಹತ್ತಿರದ ಬಂಡೆ ಬೆಂದುಹೋಗುವುದಕ್ಕೂ ದೂರದ ಹಜಾರ ಮುಳುಗಿಹೋಗುವುದಕ್ಕೂ ಇದೇ ಕಾರಣ. ಸಾಲದುದಕ್ಕೆ, ಕ್ಯಾಮೆರಾದ ಪಕ್ಕದಿಂದಲೇ ಹೊರಟ ಬೆಳಕು ಕಲ್ಲಿನ ಏರುತಗ್ಗುಗಳ ನೆರಳನ್ನೆಲ್ಲ ಅಳಿಸಿ ಗೋಡೆಯನ್ನು ಚಪ್ಪಟೆ ಮಾಡಿಬಿಡುತ್ತದೆ; ಗಾಳಿಯಲ್ಲಿ ತೇಲುವ ಹನಿಗಳು, ನಮ್ಮ ಉಸಿರಿನ ಆವಿ, ಬಿಳಿಯ ಗುಂಡುಗಳಂತೆ ಮೂಡುತ್ತವೆ. ಕೆಲವರು ಅವನ್ನು ಭೂತಗಳೆಂದು ಹೇಳಿಕೊಂಡು ತಿರುಗುವುದೂ ಉಂಟು!

ಈ ಕಷ್ಟ ಹೊಸದಲ್ಲವಂತೆ. ಪ್ಯಾರಿಸ್ ನಗರದ ನೆಲದಡಿಯಲ್ಲಿ ಲಕ್ಷಾಂತರ ಮೃತರ ಅಸ್ಥಿಗಳನ್ನು ಜೋಡಿಸಿಟ್ಟಿರುವ ಸುರಂಗಗಳಿವೆ. ೧೮೬೧ರಲ್ಲಿ ನದಾರ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಫ್ರೆಂಚ್ ಛಾಯಾಗ್ರಾಹಕನು, ರಾಸಾಯನಿಕ ಬ್ಯಾಟರಿಗಳಿಂದ ವಿದ್ಯುತ್ತನ್ನು ಹರಿಸಿ ದೀಪ ಹೊತ್ತಿಸಿ, ಅಲ್ಲಿ ಚಿತ್ರಗಳನ್ನು ತೆಗೆದನು. ಒಂದು ಚಿತ್ರಕ್ಕೆ ಹದಿನೆಂಟು ನಿಮಿಷಗಳವರೆಗೂ ಬೇಕಾಗುತ್ತಿದ್ದಿತು. ಅಷ್ಟು ಹೊತ್ತು ಅಲುಗಾಡದೆ ನಿಲ್ಲುವ ಮನುಷ್ಯನೆಲ್ಲಿ? ಆದುದರಿಂದ ಅವನು ಬೊಂಬೆಗಳಿಗೆ ಕೆಲಸಗಾರರ ಬಟ್ಟೆಯನ್ನು ತೊಡಿಸಿ ನಿಲ್ಲಿಸಿದನು. ಅಮೆರಿಕದ ಕೆಂಟಕಿಯಲ್ಲಿರುವ ಮ್ಯಾಮತ್ ಗುಹೆಯೊಳಗೆ ೧೮೬೬ರಲ್ಲಿ ಚಾರ್ಲ್ಸ್ ವಾಲ್ಡಾಕ್ ಎಂಬವನು ಮೆಗ್ನೀಷಿಯಮ್ ಲೋಹವನ್ನು ಉರಿಸಿ ಆ ಬೆಳಕಿನಲ್ಲಿ ಚಿತ್ರಗಳನ್ನು ತೆಗೆದನು. ಅದರ ಬೆಳಕು ಪ್ರಖರ, ಹೊಗೆಯೂ ಅಷ್ಟೇ ದಟ್ಟ. ಒಂದು ಚಿತ್ರವನ್ನು ತೆಗೆಯುವಷ್ಟರಲ್ಲಿ ಮುಂದಿನದಕ್ಕೆ ಗುಹೆಯೇ ಮಸುಕಾಗುವುದು. ಇಂತಹವರ ಮುಂದೆ ನನ್ನ ಮೊಬೈಲಿನ ದುಃಖ ಯಾವ ಲೆಕ್ಕ?

"ಬೊಂಬೆ ಬೇಡ, ನೀವೇ ನಿಲ್ಲುವಿರಂತೆ" ಎಂದು ಶಿಷ್ಯನು ಹೇಳಿ, ಮುಂದಿನ ತಿಂಗಳು ಒಂದು ಮಂಗಳವಾರ ನನ್ನನ್ನು ತನ್ನ ಕಾರಿನಲ್ಲಿ ಕರೆದುಕೊಂಡು ಹೊರಟನು. ವಾರದ ನಡುವೆ ಬೆಳಗಿನ ಹೊತ್ತು ಜನ ಕಡಿಮೆ. ಮುಕ್ಕಾಲಿಯು ಓಣಿಯಲ್ಲಿ ಬರುವವರ ಕಾಲಿಗೆ ಅಡ್ಡವಾಗುವುದರಿಂದ, ಅನುಮತಿ ಪಡೆಯುವುದರ ಜೊತೆಗೆ ಈ ವಿವೇಕವೂ ಬೇಕು.

ಕಾರಿನ ತಂಪಿನಿಂದ ಗುಹೆಯ ಉಬ್ಬೆಗೆ ಇಳಿದೊಡನೆ ಲೆನ್ಸಿನ ಗಾಜಿನ ಮೇಲೆ ಮಂಜು ಕವಿದು ಏನೂ ಕಾಣದಾಯಿತು. ನಾನು ಪಂಚೆಯ ಚುಂಗಿನಿಂದ ಒರೆಸಹೊರಟರೆ ಅವನು ಕೈಹಿಡಿದನು. ಒರೆಸಿದಷ್ಟೂ ಮತ್ತೆ ಕವಿಯುತ್ತದೆ. ಗಾಜು ಗುಹೆಯಷ್ಟೇ ಬೆಚ್ಚಗಾಗುವವರೆಗೆ ಸುಮ್ಮನಿರಬೇಕು. ಹೀಗೆ ಅರ್ಧ ಗಂಟೆ ಬಂಡೆಯೊಂದರ ಬಳಿ ಕುಳಿತೆವು. ಆ ಅರ್ಧ ಗಂಟೆ ವ್ಯರ್ಥವಾಗಲಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಕಾಲ ಬೇಕು. ಮೊದಲ ಸಲ ದೀಪಗಳನ್ನು ಮಾತ್ರ ಕಂಡಿದ್ದ ನಾನು, ಈಗ ದೀಪಗಳ ನಡುವೆ ಇರುವುದನ್ನು ಕಾಣತೊಡಗಿದೆನು. ಒಂದು ಓಣಿಯ ಚಾವಣಿ ಮೇಲಕ್ಕೇರಿ ಎಲ್ಲಿ ಮುಗಿಯಿತೆಂಬುದೇ ತಿಳಿಯುತ್ತಿರಲಿಲ್ಲ. ಬಣ್ಣವಿಲ್ಲ, ಬೂದಿಯ ಛಾಯೆಗಳು ಮಾತ್ರ.

ಕತ್ತಲೆಯಲ್ಲಿ ಕ್ಯಾಮೆರಾವೂ ನಮ್ಮಂತೆಯೇ ದೃಷ್ಟಿ ನಿಲ್ಲದೆ ತಡಕಾಡುತ್ತದೆ. ಅದಕ್ಕೆ ಶಿಷ್ಯನು ಬೇಕಾದ ಕಲ್ಲಿನ ಮೇಲೆ ಟಾರ್ಚು ಬಿಟ್ಟು, ಅಲ್ಲಿಗೆ ದೃಷ್ಟಿಯನ್ನು ನಿಲ್ಲಿಸಿ, ಅದು ಮತ್ತೆ ಕದಲದಂತೆ ಕಟ್ಟಿಹಾಕಿ, ಟಾರ್ಚು ಆರಿಸುತ್ತಿದ್ದನು. ನಾನು ಕೋಟಿಲಿಂಗಗಳ ಬಳಿ ತೆಗೆದ ಚಿತ್ರವನ್ನು ಕ್ಯಾಮೆರಾದ ತೆರೆಯಲ್ಲಿ ನೋಡಿ, "ಭೇಷ್! ಸರಿಯಾಗಿದೆಯಲ್ಲಯ್ಯಾ" ಎಂದೆನು. "ಇಲ್ಲಿ ಹಾಗೆ ತೋರುತ್ತದೆ, ಗುರುಗಳೇ. ಕತ್ತಲೆಯಲ್ಲಿ ಈ ತೆರೆಯೇ ದೀಪದ ಹಾಗೆ. ಮನೆಗೆ ಹೋಗಿ ನೋಡಿದರೆ ಬರೀ ಕಪ್ಪು" ಎಂದು ಅವನು ಬೆಳಕಿನ ಪ್ರಮಾಣವನ್ನು ತೋರಿಸುವ ಹಿಸ್ಟೋಗ್ರಾಮ್ ಎಂಬ ರೇಖಾಚಿತ್ರವನ್ನು ತೆಗೆದು, ಗೆರೆಯೆಲ್ಲ ಎಡಗಡೆಗೇ ಕುಸಿದಿರುವುದನ್ನು ತೋರಿಸಿದನು. ಕಣ್ಣನ್ನು ನಂಬಬೇಡ, ಗೆರೆಯನ್ನು ನಂಬು ಎಂಬುದು ಅವನ ಸಂಪ್ರದಾಯ.

ಇಲ್ಲಿ ನನ್ನ ನಿಜವಾದ ತೊಡಕು ಎದುರಾಯಿತು. ಇದ್ದಂತೆ ಕತ್ತಲೆಯನ್ನು ಬಿಟ್ಟರೆ, ಮಬ್ಬಿನಲ್ಲಿ ಮಬ್ಬನ್ನು ಬೇರ್ಪಡಿಸಲಾರದ ನನ್ನ ಹೆಂಡತಿಯ ಕಣ್ಣಿಗೆ ಆ ಚಿತ್ರ ಬರಿಯ ಕರಿಯ ಕಾಗದ. ಆಕೆಗೆ ಕಾಣಲೆಂದು ಬೆಳಕನ್ನು ಏರಿಸಿದರೆ ಆಕೆ ಕೇಳಿದ ಕತ್ತಲೆಯೇ ಇಲ್ಲ. ಶಿಷ್ಯನೂ ಇದಕ್ಕೆ ಉತ್ತರ ಹೇಳಲಿಲ್ಲ. "ಕೆಳಗೆ ಹೋಗಿ ನೋಡೋಣ" ಎಂದನು.

ಕೆಳಗೆಂದರೆ ಪಾತಾಳಗಂಗೆ. ಪ್ರವೇಶದ್ವಾರದಿಂದ ೪೬ ಮೀಟರು ಆಳದಲ್ಲಿರುವ ಗುಹೆಯ ಅತ್ಯಂತ ತಗ್ಗಿನ ಸ್ಥಳ. ವರುಷವೆಲ್ಲ ಬತ್ತದ ಸಣ್ಣ ಝರಿಯೊಂದು ಅಲ್ಲಿ ಕಾಣಿಸಿಕೊಂಡು ಮತ್ತೆ ಭೂಗರ್ಭದೊಳಕ್ಕೆ ಇಳಿದುಹೋಗುತ್ತದೆ. ಅದು ಊರ ಬಾವಿಗೆ ಹೋಗಿ ಸೇರುವುದೆಂದು ಅಲ್ಲಿಯವರ ನಂಬಿಕೆ. ಮೆಟ್ಟಿಲಿಳಿಯುವಾಗ ನನ್ನ ಮೊಣಕಾಲುಗಳು ತಮ್ಮ ವಯಸ್ಸನ್ನು ಜ್ಞಾಪಿಸಿದುವು. ನಾವಿಬ್ಬರಲ್ಲದೆ ಮಗುವನ್ನು ಎತ್ತಿಕೊಂಡ ಒಂದು ಸಂಸಾರ ಮಾತ್ರ ಮೇಲಿನ ಮೆಟ್ಟಿಲಿನಲ್ಲಿದ್ದಿತು. ಗುಹೆಯ ಚಿತ್ರದಲ್ಲಿ ಮನುಷ್ಯನಿಲ್ಲದಿದ್ದರೆ ಬಂಡೆ ಆಳೆತ್ತರವೋ ಅಂಗೈಯಗಲವೋ ತಿಳಿಯದು. ಆದುದರಿಂದ ನನ್ನನ್ನು ಒಂದು ಬಂಡೆಯ ಮಗ್ಗುಲಲ್ಲಿ ಅಳತೆಗೋಲಿನಂತೆ ನಿಲ್ಲಿಸಿ, ಶಿಷ್ಯನು ಶಟರನ್ನು ತೆರೆದು ಕೀಲಿಯನ್ನು ಬಿಗಿದನು. ಉಸಿರು ಬಿಗಿಹಿಡಿದು ಎಣಿಸತೊಡಗಿದೆನು. ನಾಲ್ಕೋ ಐದೋ ಎಣಿಸುವಷ್ಟರಲ್ಲಿ ದೀಪಗಳು ಹೋದುವು.

ಕತ್ತಲೆ ಎಂಬ ಮಾತನ್ನು ನಾನು ಅದುವರೆಗೆ ಸಡಿಲವಾಗಿ ಬಳಸುತ್ತಿದ್ದೆನೆಂದು ಆಗ ತಿಳಿಯಿತು. ಅಮಾವಾಸ್ಯೆಯ ರಾತ್ರಿಯಲ್ಲಿ ನಕ್ಷತ್ರಗಳ ಬೆಳಕಾದರೂ ಉಂಟು. ಕೋಣೆಯ ಬಾಗಿಲನ್ನು ಮುಚ್ಚಿದರೆ ಸಂದಿಯಾದರೂ ಉಂಟು. ಇಲ್ಲಿ ಕಣ್ಣನ್ನು ತೆರೆದರೂ ಮುಚ್ಚಿದರೂ ಭೇದವಿಲ್ಲ. ಎಷ್ಟು ಹೊತ್ತು ಕಾದರೂ ಕಣ್ಣು ಹೊಂದಿಕೊಳ್ಳುವ ಆಸೆಯಿಲ್ಲ. ಗಾಳಿ ಊದುವ ಕೊಳವೆಗಳ ಮೊರೆತವೂ ನಿಂತುಹೋಗಿ, ನೀರಿನ ಸದ್ದು ಕಿವಿಯ ಪಕ್ಕಕ್ಕೇ ಬಂದಂತಾಯಿತು. ಮೇಲೆ ಮಗು ಅಳತೊಡಗಿತು.

ಪಾಠಶಾಲೆಯಲ್ಲಿ ನಾವು ತರ್ಕವನ್ನು ಓದುವಾಗ ತಮಸ್ಸಿನ ವಾದವೊಂದು ಬರುತ್ತಿದ್ದಿತು. ಕತ್ತಲೆಯೆಂಬುದು ಪ್ರತ್ಯೇಕವಾದ ಪದಾರ್ಥವಲ್ಲ, ತೇಜಸ್ಸಿನ ಅಭಾವ ಮಾತ್ರ ಎಂದು ತಾರ್ಕಿಕರು. ಅದಕ್ಕೆ ಕರಿಯ ಬಣ್ಣವಿದೆ, ಚಲನೆಯಿದೆ, ಆದುದರಿಂದ ಅದು ಹತ್ತನೆಯ ದ್ರವ್ಯವೇ ಸರಿ ಎಂದು ಭಾಟ್ಟಮೀಮಾಂಸಕರು. ನಾನು ಯಾವಾಗಲೂ ತಾರ್ಕಿಕರ ಕಕ್ಷಿ. ಪರೀಕ್ಷೆಯಲ್ಲಿ ಮೀಮಾಂಸಕರನ್ನು ಖಂಡಿಸಿ ಅಂಕಗಳನ್ನೂ ಗಳಿಸಿದವನು. ಆ ದಿನ ೪೬ ಮೀಟರು ಆಳದಲ್ಲಿ, ನನ್ನ ಮುಖಕ್ಕೆ ಒತ್ತಿಕೊಂಡು ನಿಂತಿದ್ದ ವಸ್ತು ಅಭಾವವೆಂದು ಒಪ್ಪಿಕೊಳ್ಳುವ ಧೈರ್ಯ ನನಗಿರಲಿಲ್ಲ. ಎಂಟು ವರುಷದ ಹುಡುಗಿಯೊಬ್ಬಳು ಕಂಡುದು ಇದೇ ಇರಬೇಕೆಂದು ಹೊಳೆಯಿತು.

"ಗುರುಗಳೇ, ಅಲುಗಾಡಬೇಡಿ. ಶಟರು ತೆರೆದೇ ಇದೆ" ಎಂದು ಶಿಷ್ಯನ ಕಂಠ ಕೇಳಿಬಂದಿತು. ಆಮೇಲೆ ಅವನು ಮಾಡಿದುದನ್ನು ನಾನು ಮೆಚ್ಚಲೇಬೇಕು. ಸಣ್ಣ ಟಾರ್ಚನ್ನು ಅಂಗೈಯಿಂದ ಮರೆಮಾಡಿ ಹೊತ್ತಿಸಿ, ಮೊದಲು ಮೇಲಿದ್ದ ತಾಯಿಗೆ ಅಂಜಬೇಡಮ್ಮಾ ಎಂದು ಕೂಗಿ ಹೇಳಿ, ನನ್ನ ಪಕ್ಕದ ಬಂಡೆಯ ಹಿಂದಕ್ಕೆ ಹೋದನು. ಅಲ್ಲಿಂದ, ಟಾರ್ಚಿನ ಮುಖ ಕ್ಯಾಮೆರಾದ ಕಡೆಗೆ ತಿರುಗದಂತೆ ನೋಡಿಕೊಂಡು, ಗೋಡೆಗೆ ಸುಣ್ಣ ಹೊಡೆಯುವವನಂತೆ ಬಂಡೆಯ ಅಂಚನ್ನೂ ನೀರಿನ ಅಂಚನ್ನೂ ಬೆಳಕಿನಿಂದ ಮೆಲ್ಲಗೆ ಸವರಿದನು. ಅಡ್ಡವಾಗಿ ಬಿದ್ದ ಬೆಳಕಿನಲ್ಲಿ ಕಲ್ಲಿನ ಒಂದೊಂದು ಸುಕ್ಕೂ ನೆರಳನ್ನು ಚೆಲ್ಲಿತು. ಒಂದೂವರೆ ನಿಮಿಷವಿರಬಹುದು. ಹಿಂದಿರುಗಿ ಕೀಲಿಯನ್ನು ಸಡಿಲಿಸಿದನು. ಇನ್ನೆರಡು ನಿಮಿಷಗಳಲ್ಲಿ ದೀಪಗಳು ಬಂದುವು, ಮಗು ಸುಮ್ಮನಾಯಿತು, ನಾವು ಮೇಲಕ್ಕೆ ಹತ್ತಿದೆವು. ನನ್ನ ಅಂಗಿ ಬೆವರಿನಿಂದ ತೊಯ್ದುಹೋಗಿದ್ದಿತು. ಸೆಕೆಯೆಂದು ಶಿಷ್ಯನಿಗೆ ಹೇಳಿದೆನು.

ಆ ದಿನ ತೆಗೆದ ನಲವತ್ತು ಚಿತ್ರಗಳಲ್ಲಿ ಹನ್ನೆರಡನ್ನು ಅವನು ಆರಿಸಿ ಕಾಗದಕ್ಕಿಳಿಸಿದನು. ಪಾತಾಳಗಂಗೆಯ ಆ ಚಿತ್ರ ಅವುಗಳಲ್ಲಿ ಸೇರಿರಲಿಲ್ಲ. ಮುಕ್ಕಾಲು ಭಾಗ ಕಪ್ಪು, ಅದು ಕೆಟ್ಟುಹೋಯಿತೆಂದು ಅವನ ಮತ. ಉಳಿದುವನ್ನು ಮನೆಗೆ ತಂದು ಹೆಂಡತಿಯ ಮುಂದೆ ಹರಡಿದೆನು. ಆಕೆ ಒಂದೊಂದನ್ನೇ ಎತ್ತಿ, ಓರೆಮಾಡಿ, ಹತ್ತಿರ ತಂದು ನೋಡಿದಳು. ಕೆಲವು ಬಹಳ ಬೆಳಕಾಗಿದ್ದುವು. ಕೆಲವು ಆಕೆಗೆ ಕಾಣಲೇ ಇಲ್ಲ. "ಇದರಲ್ಲಿ ಏನಿದೆ?" ಎಂದು ಮೂರು ಸಲ ಕೇಳಿ, ನಾಲ್ಕನೆಯ ಸಲ ಕೇಳದೆ ಸುಮ್ಮನೆ ಕೆಳಗಿಟ್ಟಳು. ನಾನು ಮಾತಾಡದೆ ಎದ್ದು ಸ್ಟುಡಿಯೋಗೆ ಹೋಗಿ, ಕೆಟ್ಟುಹೋಯಿತೆಂದ ಚಿತ್ರವನ್ನೇ ದೊಡ್ಡದಾಗಿ ಮಾಡಿಕೊಡೆಂದು ಹೇಳಿದೆನು.

ಮರುದಿನ ಬೆಳಿಗ್ಗೆ ಹತ್ತು ಗಂಟೆಯ ಬಿಸಿಲು ಕಿಟಕಿಯಿಂದ ಬೀಳುತ್ತಿದ್ದಾಗ ಅದನ್ನು ಆಕೆಯ ಕೈಗೆ ಕೊಟ್ಟೆನು. ಎಡಗಡೆಯಲ್ಲಿ ಬಂಡೆಯ ಅಂಚು, ಕತ್ತಿಯ ಬಾಯಿಯಂತೆ ಬೆಳ್ಳಗೆ. ಕೆಳಗೆ ನೀರಿನ ಒಂದು ಗೆರೆ. ಮಿಕ್ಕುದೆಲ್ಲ ಕಪ್ಪು, ಬೂದಿಯೂ ಅಲ್ಲ, ಮಬ್ಬೂ ಅಲ್ಲ. ಮಂದವಾದುದನ್ನು ಕಾಣಲಾರದ ಕಣ್ಣಿಗೂ ಆ ಬಿಳಿಯ ಅಂಚು ಸಿಕ್ಕಿತು. ಆಕೆ ಬೆರಳನ್ನು ಅದರ ಮೇಲೆ 

ನಡೆಸಿಕೊಂಡು ಹೋಗಿ, ಅದು ಮುಗಿದ ಕಡೆ ನಿಲ್ಲಿಸಿದಳು.

"ಇಲ್ಲಿಂದ ಆಚೆಗೆ ನನಗೆ ಏನೂ ಕಾಣುವುದಿಲ್ಲ" ಎಂದಳು.

"ಅಲ್ಲಿ ನನಗೂ ಏನೂ ಕಾಣಲಿಲ್ಲ" ಎಂದೆನು.

"ಹಾಗಾದರೆ ಇದೇ."

ಬಹಳ ಹೊತ್ತು ನೋಡುತ್ತಿದ್ದಳು. ಒಲೆಯ ಮೇಲೆ ಬೇಳೆ ಉಕ್ಕಿದ ಸದ್ದಾದರೂ ಏಳಲಿಲ್ಲ. ನಾನೇ ಹೋಗಿ ಉರಿಯನ್ನು ಸಣ್ಣಗೆ ಮಾಡಿ ಬಂದೆನು. ಬರುವಷ್ಟರಲ್ಲಿ ಆಕೆ ಚಿತ್ರವನ್ನು ಕಣ್ಣಿಗೆ ಇನ್ನೂ ಹತ್ತಿರ ಹಿಡಿದುಕೊಂಡು, ಬಂಡೆಯ ಮಗ್ಗುಲಲ್ಲಿ ಹೊಗೆಯಂತೆ ಎದ್ದಿದ್ದ ಒಂದು ಮಸುಕನ್ನು ತೋರಿಸಿ, "ಇದೇನು?" ಎಂದು ಕೇಳಿದಳು.

"ಅದು ನಾನು."

"ಅಲುಗಾಡಬೇಡಿ ಎಂದು ಆ ಹುಡುಗ ಹೇಳಲಿಲ್ಲವೇ?"

ಹೇಳಿದ್ದನು. ನಿಂತಲ್ಲಿಯೇ ನಿಂತಿದ್ದೆನೆಂದು ನಾನು ಭಾವಿಸಿದ್ದೆನು. ಕ್ಯಾಮೆರಾದ ಸಾಕ್ಷ್ಯ ಬೇರೆಯಾಗಿದ್ದಿತು. ಆ ಒಂದೂವರೆ ನಿಮಿಷದ ನಡುಕವೆಲ್ಲ ಅಲ್ಲಿ ಜಮೆಯಾಗಿದ್ದಿತು. ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆಂದು, ಹೆದರಿಕೆಯಾಗಿತ್ತೆಂದು ಒಪ್ಪಿಕೊಂಡೆನು. ನಗುವಳೆಂದುಕೊಂಡೆನು. ನಗಲಿಲ್ಲ. ತನ್ನ ಎಡಗೈಯ ಮಣಿಕಟ್ಟನ್ನು ಬಲಗೈಯಿಂದ ಹಿಡಿದುಕೊಂಡು, "ಆ ದಿನ ತಾತನ ಕೈಯೂ ನಡುಗುತ್ತಿತ್ತು. ಇಷ್ಟು ವರುಷ ಅದು ನನ್ನ ಕೈ ಎಂದುಕೊಂಡಿದ್ದೆ" ಎಂದಳು.

ಕಣ್ಣಿಗೆ ಔಷಧ ಹಾಕುವ ಹೊತ್ತಾಗಿದ್ದಿತು. ಶೀಶೆಯನ್ನು ತರಲು ಎದ್ದೆನು.